‘ಆತ್ಮಹ*ತ್ಯೆ’ ಎಂದು ಬರೆದರೆ ರೀಚ್ ಉಳಿಯುತ್ತದೆಯೇ?

ಪ್ರಶ್ನೆ: ಮದ್ದೂರು ಕಡೆಯಿಂದ ನಾವು ನಾಲ್ಕು ಜನ ಸೇರಿ ಒಂದು ಯೂಟ್ಯೂಬ್ ಚಾನೆಲ್, ಒಂದು ಇನ್‌ಸ್ಟಾಗ್ರಾಂ ಪೇಜ್ ನಡೆಸುತ್ತಿದ್ದೇವೆ. ಕಬ್ಬಿನ ಬಾಕಿ, ನಾಲೆ ನೀರು, ಆಸ್ಪತ್ರೆ, ಪೊಲೀಸ್ ಕೇಸು ಇಂಥವೇ ಸುದ್ದಿ. ನಮ್ಮ ಎಡಿಟರ್ ಹುಡುಗ ‘ಆತ್ಮಹ*ತ್ಯೆ’, ‘ಕೊ*ಲೆ’, ‘ಅತ್ಯಾ*ಚಾರ’, ‘ಭ್ರೂಣ ಹ.ತ್ಯೆ’ ಎಂದೇ ಬರೆಯುತ್ತಾನೆ. ಮಾತಿನಲ್ಲಿ ಬಂದರೆ ಬೀಪ್ ಹಾಕುತ್ತಾನೆ. ಪೂರ್ತಿ ಬರೆದರೆ ರೀಚ್ ಬೀಳುತ್ತೆ, ದುಡ್ಡೂ ಬರಲ್ಲ ಅನ್ನುತ್ತಾನೆ. ಊರಿನ ಹಿರಿಯರು ‘ಏನ್ಲಾ ಇದು, ಓದಕ್ಕೇ ಆಗಕಿಲ್ವಲ್ಲ’ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಹಿರಿಯರ ಮಾತನ್ನೇ ಕೇಳಿ. ಹಾಗಂತ ಹುಡುಗನ ಭಯ ಪೂರ್ತಿ ಸುಳ್ಳೇನಲ್ಲ. ಹೆದರಬೇಕಾದ ಕಡೆ ಬಿಟ್ಟು ಬೇರೆ ಕಡೆ ಹೆದರುತ್ತಿದ್ದಾನೆ, ಅಷ್ಟೇ.

ಮೊದಲಿಗೆ ‘ರೀಚ್ ಬಿತ್ತು’ ಅನ್ನುವ ಮಾತನ್ನು ಬಿಡಿಸಿ ನೋಡೋಣ. ಒಂದು ವಿಡಿಯೊಗೆ ವೇದಿಕೆ ನಾಲ್ಕು ಬಗೆಯಲ್ಲಿ ಕತ್ತರಿ ಹಾಕಬಹುದು: ಪೂರ್ತಿ ತೆಗೆದುಹಾಕುವುದು, 18 ವರ್ಷ ದಾಟಿದವರಿಗೆ ಮಾತ್ರ ತೋರಿಸುವುದು, ಜಾಹೀರಾತು ಕಡಿಮೆ ಮಾಡುವುದು, ಹೊಸಬರಿಗೆ ಶಿಫಾರಸು ಮಾಡದೆ ಬಿಡುವುದು. ನಾಲ್ಕಕ್ಕೂ ಬೇರೆ ಬೇರೆ ನಿಯಮ. ಯಾವುದು ಆಗಿದೆ ಎಂದು ನೋಡುವ ಜಾಗವೂ ಬೇರೆ ಬೇರೆ. ಯೂಟ್ಯೂಬ್ ಸ್ಟುಡಿಯೊದಲ್ಲಿ ‘ಕಂಟೆಂಟ್’ ಪಟ್ಟಿ ತೆರೆದರೆ ಪ್ರತಿ ವಿಡಿಯೊ ಎದುರು ನಿರ್ಬಂಧದ ಕಾಲಂ ಇದೆ; ಹಣ ಬರುತ್ತಿರುವ ಚಾನೆಲ್ಲಾದರೆ ಡಾಲರ್ ಗುರುತಿನ ಕಾಲಂ ಕೂಡ ಇರುತ್ತದೆ. ಹಸಿರಿದ್ದರೆ ಪೂರ್ತಿ ಜಾಹೀರಾತು, ಹಳದಿಯಿದ್ದರೆ ಕಡಿಮೆ ಅಥವಾ ಇಲ್ಲವೇ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಅಕೌಂಟ್ ಸ್ಟೇಟಸ್’ ಎಂದಿದೆ. ಯಾವ ಪೋಸ್ಟ್ ತೆಗೆದಿದ್ದಾರೆ, ನಿಮ್ಮ ಪೋಸ್ಟುಗಳು ನಿಮ್ಮನ್ನು ಫಾಲೋ ಮಾಡದವರಿಗೂ ಶಿಫಾರಸಾಗಲು ಅರ್ಹವೇ ಎಂಬುದನ್ನು ಅದೇ ಹೇಳುತ್ತದೆ. ಇವೆರಡನ್ನೂ ತೆರೆದು ನೋಡದೆ ‘ಶ್ಯಾಡೋಬ್ಯಾನ್ ಆಗೋಯ್ತು’ (ಹೇಳದೆ ಕೇಳದೆ ರೀಚ್ ಕತ್ತರಿಸಿದರು) ಅನ್ನುವವರೇ ಜಾಸ್ತಿ.

ಎರಡೂ ಕಡೆ ಏನೂ ದೋಷ ಕಾಣದಿದ್ದರೆ ಉಳಿಯುವುದು ಐದನೆಯ ಕಾರಣ, ಜನ ಒತ್ತಲಿಲ್ಲ. ಸಾವಿನ ಸುದ್ದಿಗೆ ಯಾರೂ ಲೈಕ್ ಒತ್ತುವುದಿಲ್ಲ, ಮನೆಯ ವಾಟ್ಸಾಪ್ ಗುಂಪಿಗೆ ಹಾಕುವುದಿಲ್ಲ. ದಸರಾ ಜಂಬೂಸವಾರಿಯ ತುಣುಕಿಗೂ ಅದಕ್ಕೂ ವೀಕ್ಷಣೆಯಲ್ಲಿ ಅಜಗಜಾಂತರ ಇರುವುದಕ್ಕೆ ಶೀರ್ಷಿಕೆಯ ಒಂದು ಪದ ಕಾರಣವಾಗಬೇಕಿಲ್ಲ. ಎರಡು ಸಲ ನಕ್ಷತ್ರ ಹಾಕಿದಾಗ ವಿಡಿಯೊ ಓಡಿತು, ಒಂದು ಸಲ ಹಾಕದಾಗ ಓಡಲಿಲ್ಲ. ಇಷ್ಟೇ ಸಾಕು, ನಂಬಿಕೆ ಗಟ್ಟಿಯಾಗುತ್ತದೆ.

ಇನ್ನು ದುಡ್ಡಿನ ಮಾತು. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1000 ಚಂದಾದಾರರು ಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಇದನ್ನು ನೀವು ಇನ್ನೂ ದಾಟಿಲ್ಲದಿದ್ದರೆ ಹಳದಿ ಡಾಲರಿಗೂ ನಿಮಗೂ ಸಂಬಂಧವೇ ಇಲ್ಲ. ದಾಟಿದ್ದರೂ, ಹಳದಿ ಬಿದ್ದ ಮಾತ್ರಕ್ಕೆ ಶಿಫಾರಸು ನಿಲ್ಲುವುದಿಲ್ಲ, ಹುಡುಕಾಟ ಮತ್ತು ಶಿಫಾರಸಿನ ವ್ಯವಸ್ಥೆ ಹಣದ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಯೂಟ್ಯೂಬ್ ತನ್ನ ಸಹಾಯ ಪುಟದಲ್ಲೇ ಹೇಳಿದೆ.

ಈ ಅಭ್ಯಾಸ ಕನ್ನಡದಲ್ಲಿ ಹುಟ್ಟಿದ್ದಲ್ಲ. 2017ರಲ್ಲಿ ಉಗ್ರವಾದಿ ವಿಡಿಯೊಗಳ ಪಕ್ಕ ತಮ್ಮ ಜಾಹೀರಾತು ಬಂದದ್ದು ಕಂಡು ದೊಡ್ಡ ಕಂಪನಿಗಳು ಯೂಟ್ಯೂಬಿನಿಂದ ಹಿಂದೆ ಸರಿದವು. ಆಗ ನಿಯಮ ಬಿಗಿಯಾಯಿತು, ಹಳದಿ ಗುರುತು ಬಂತು, ವಿಡಿಯೊ ಮಾಡುವವರಲ್ಲಿ ಪದಗಳ ಭಯ ಶುರುವಾಯಿತು. ಅಮೆರಿಕದ ಟಿಕ್‌ಟಾಕ್ ಬಳಕೆದಾರರು ಸಾವಿಗೆ ‘ಅನ್‌ಅಲೈವ್’, ಲೈಂಗಿಕತೆಗೆ ‘ಸೆಗ್ಸ್’ ಎಂದೆಲ್ಲ ಬರೆಯತೊಡಗಿದರು. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ 29ರಂದು ನಿಷೇಧವಾಯಿತು. ಮರುತಿಂಗಳೇ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಶಾರ್ಟ್ಸ್ ಇಲ್ಲಿಗೆ ಬಂದವು. ಆಪ್ ಹೋದರೂ ಅದರ ಭಯ ಉಳಿಯಿತು. ಬೇರೊಂದು ವೇದಿಕೆಯ, ಬೇರೊಂದು ಭಾಷೆಯ ಊಹೆಯನ್ನು ನಾವು ಕನ್ನಡದ ಕಾಗುಣಿತಕ್ಕೆ ಹೊಲಿದುಕೊಂಡಿದ್ದೇವೆ.

ಬೀಪಿನ ಮೂಲ ಇನ್ನೂ ಸ್ಪಷ್ಟ. 2022ರ ನವೆಂಬರ್‌ನಲ್ಲಿ ಯೂಟ್ಯೂಬ್ ಬೈಗುಳದ ನಿಯಮ ಬಿಗಿ ಮಾಡಿತು. ವಿಡಿಯೊದ ಆರಂಭದ ಸೆಕೆಂಡುಗಳಲ್ಲಿ ಬೈಗುಳವಿದ್ದರೆ ಜಾಹೀರಾತಿಗೆ ಕುತ್ತು ಬರುತ್ತಿತ್ತು. 2023ರ ಮಾರ್ಚ್‌ನಲ್ಲಿ ಅದನ್ನು ಸಡಿಲಿಸಿತು. 2025ರ ಜುಲೈನಲ್ಲಿ ಮೊದಲ 7 ಸೆಕೆಂಡಿನಲ್ಲಿ ಒರಟು ಬೈಗುಳ ಬಂದರೂ ಪೂರ್ತಿ ಜಾಹೀರಾತು ಸಿಗಬಹುದು ಎಂದಿತು. ಶೀರ್ಷಿಕೆಯಲ್ಲಿ, ತಂಬ್‌ನೇಲ್‌ನಲ್ಲಿ (ವಿಡಿಯೊದ ಮುಖಚಿತ್ರದಲ್ಲಿ) ಬೈಗುಳ ಈಗಲೂ ಬೇಡ. ಆದರೆ ಇದೆಲ್ಲ ಬೈಗುಳದ ನಿಯಮ. ‘ಕೊಲೆ’ ಬೈಗುಳವಲ್ಲ, ‘ಅತ್ಯಾಚಾರ’ ಬೈಗುಳವಲ್ಲ. ಎಫ್‌ಐಆರ್‌ನಲ್ಲಿರುವ ಪದಕ್ಕೆ ಬೀಪ್ ಹಾಕಿದರೆ ಕೇಳುವವರು ಅಲ್ಲೇನೋ ಅಶ್ಲೀಲ ಇತ್ತೆಂದು ತಿಳಿಯುತ್ತಾರೆ.

ನಕ್ಷತ್ರ ಹಾಕಿದರೆ ಯಂತ್ರಕ್ಕೆ ಕಾಣುವುದಿಲ್ಲವೇ? ಕಾಣುತ್ತದೆ. ಅಕ್ಷರದ ನಡುವೆ ಚಿಹ್ನೆ ತುರುಕಿ ಸೋಸುವ ಜರಡಿಯಿಂದ ತಪ್ಪಿಸಿಕೊಳ್ಳುವುದು ಸ್ಪ್ಯಾಮ್ ಇಮೇಲ್ ಕಳಿಸುವವರು ಇಪ್ಪತ್ತು ವರ್ಷಕ್ಕೂ ಹಿಂದೆ ಹಿಡಿದ ಉಪಾಯ. ಪಠ್ಯವನ್ನು ಪರಿಶೀಲಿಸುವ ಮೊದಲು ಚಿಹ್ನೆ ತೆಗೆದು ಸಾಪು ಮಾಡಿಕೊಳ್ಳುವುದು ಅಂದಿನಿಂದಲೂ ಮಾಮೂಲಿ ಕೆಲಸ. ಮೇಲಾಗಿ ಈಗಿನ ವ್ಯವಸ್ಥೆಗಳು ನಿಷೇಧಿತ ಪದಗಳ ಪಟ್ಟಿಯೊಂದನ್ನೇ ನೆಚ್ಚಿಲ್ಲ. ಫೇಸ್‌ಬುಕ್ 2019ರಲ್ಲಿ ಪ್ರಕಟಿಸಿದ ಎಕ್ಸ್‌ಎಲ್‌ಎಂ-ಆರ್ ಎಂಬ ಭಾಷಾ ಮಾದರಿ 100 ಭಾಷೆಗಳ ಪಠ್ಯದಿಂದ ಕಲಿತದ್ದು; ಅದರಲ್ಲಿ ಕನ್ನಡವೂ ಇದೆ. ಗೂಗಲ್‌ನ ಮ್ಯೂರಿಲ್ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಭಾರತೀಯ ಭಾಷೆಗಳನ್ನೂ ಓದಿ ಕಲಿತಿದೆ. ಇಂಥ ಮಾದರಿಗಳು ಪದವನ್ನು ಚೂರು ಚೂರಾಗಿ ಒಡೆದು ಅಕ್ಕಪಕ್ಕದ ಪದಗಳೊಂದಿಗೆ ತೂಗುತ್ತವೆ. ‘ಸಾಲ’, ‘ರೈತ’, ‘ಶವ’, ‘ಮರಣೋತ್ತರ ಪರೀಕ್ಷೆ’ ಇವೆಲ್ಲ ಅದೇ ವಾಕ್ಯದಲ್ಲಿರುವಾಗ ನಡುವಿನ ಒಂದು ನಕ್ಷತ್ರ ಏನನ್ನು ಮುಚ್ಚೀತು? ಚಿತ್ರದ ಮೇಲಿನ ಬರಹ ಕೂಡ ಗುಟ್ಟಲ್ಲ. ಚಿತ್ರದೊಳಗಿನ ಅಕ್ಷರ ಓದುವ ‘ರೊಸೆಟ್ಟಾ’ ವ್ಯವಸ್ಥೆ ದಿನಕ್ಕೆ 100 ಕೋಟಿಗೂ ಹೆಚ್ಚು ಚಿತ್ರ ಮತ್ತು ವಿಡಿಯೊ ಚೌಕಟ್ಟುಗಳನ್ನು ನೋಡುತ್ತದೆ ಎಂದು ಫೇಸ್‌ಬುಕ್ 2018ರಲ್ಲೇ ಹೇಳಿತ್ತು.

ಹಾಗೆಂದು ಯಂತ್ರ ಸರ್ವಜ್ಞ ಅಲ್ಲ. ‘ಸಾಯ್ಲಿ ಬುಡ್ಲಾ ಅತ್ಲಾಗೆ’ ಎಂದು ಮಂಡ್ಯದಲ್ಲಿ ಅಂದರೆ ಯಾರ ಸಾವನ್ನೂ ಬಯಸಿದಂತಲ್ಲ. ಅದು ಯಂತ್ರಕ್ಕೆ ಗೊತ್ತಾಗುತ್ತದೆಂಬ ಭರವಸೆ ಇಲ್ಲ. ಪದವೊಂದೇ ಕಾರಣವಾಗಿ ಅನ್ಯಾಯ ಆದದ್ದೂ ಉಂಟು. ‘ಶಹೀದ್’ ಎಂಬ ಅರಬ್ಬಿ ಪದವನ್ನು, ಅಪಾಯಕಾರಿ ಎಂದು ತಾನು ಪಟ್ಟಿ ಮಾಡಿದ ವ್ಯಕ್ತಿಗಳ ಬಗ್ಗೆ ಬಳಸಿದರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಕಂಪನಿ ಮೆಟಾ ಸಂದರ್ಭ ನೋಡದೆ ಅಳಿಸುತ್ತಿತ್ತು. ಮೆಟಾದ ನಿರ್ಧಾರಗಳನ್ನು ಮರುಪರಿಶೀಲಿಸುವ ಮೇಲ್ವಿಚಾರಣಾ ಮಂಡಳಿ 2024ರ ಮಾರ್ಚ್‌ನಲ್ಲಿ ಅದನ್ನು ಕೈಬಿಡಿ ಎಂದಿತು; ಆ ಕಂಪನಿಯ ವೇದಿಕೆಗಳಲ್ಲಿ ಬೇರಾವ ಒಂದೇ ಪದಕ್ಕಿಂತ ಹೆಚ್ಚು ಪೋಸ್ಟುಗಳು ಅಳಿಸಿಹೋದದ್ದು ಈ ಪದದಿಂದ.

ಇದಕ್ಕೆ ಎದುರಾದ ಇನ್ನೊಂದು ಪ್ರಕರಣ ನಿಮಗೆ ಹೆಚ್ಚು ಉಪಯೋಗದ್ದು. 2020ರಲ್ಲಿ ಬ್ರೆಜಿಲ್‌ನ ಮಹಿಳೆಯೊಬ್ಬರು ಸ್ತನ ಕ್ಯಾನ್ಸರ್ ಲಕ್ಷಣಗಳ ಚಿತ್ರ ಹಾಕಿದಾಗ ಇನ್‌ಸ್ಟಾಗ್ರಾಂನ ಯಂತ್ರ ಅದನ್ನು ನಗ್ನತೆ ಎಂದು ಅಳಿಸಿತು. ಚಿತ್ರದ ಮೇಲೆ ‘ಸ್ತನ ಕ್ಯಾನ್ಸರ್’ ಎಂದು ಬರೆದಿರುವುದನ್ನು ಗುರುತಿಸಲು ಯಂತ್ರಕ್ಕೆ ಕಲಿಸಿ ಎಂದು ಅದೇ ಮಂಡಳಿ ಸೂಚಿಸಿತು. ಮೆಟಾ ಕಲಿಸಿತು. 2023ರ ಫೆಬ್ರುವರಿ 26ರಿಂದ ಮಾರ್ಚ್ 27ರವರೆಗೆ, ಮೊದಲಾಗಿದ್ದರೆ ನೇರ ಅಳಿಸಿಹೋಗುತ್ತಿದ್ದ 2500 ಪೋಸ್ಟುಗಳು ಮನುಷ್ಯರ ಪರಿಶೀಲನೆಗೆ ಹೋದವು. ಅವನ್ನು ಉಳಿಸಿದ್ದು ಬಿಡಿಸಿ ಬರೆದ ಪದ. ತಪಾಸಣಾ ಶಿಬಿರದ ಪೋಸ್ಟರ್ ಮಾಡುವಾಗ ‘ಸ್ತ*ನ’ ಎಂದು ಬರೆಯುವವರು ತಮಗೆ ಆಸರೆಯಾಗಬಲ್ಲ ಪದವನ್ನೇ ಮುರಿಯುತ್ತಿದ್ದಾರೆ.

ನಕ್ಷತ್ರದಿಂದ ನಿಜಕ್ಕೂ ಮರೆಯಾಗುವುದು ಹುಡುಕುವ ಮನುಷ್ಯರಿಗೆ. ಕರ್ನಾಟಕದಲ್ಲಿ ಆತ್ಮಹತ್ಯೆ ಮಾಡಿಕೊಂಡ ರೈತರ ಕುಟುಂಬಕ್ಕೆ 2015ರಿಂದ 5 ಲಕ್ಷ ರೂಪಾಯಿ ಪರಿಹಾರ ಇದೆ. ಅರ್ಹತೆ ತೀರ್ಮಾನಿಸುವುದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ. ನಾಗಮಂಗಲದ ಮನೆಯೊಂದರ ಮಗ ಇದನ್ನು ಫೋನಿನಲ್ಲಿ ಹುಡುಕುವಾಗ ‘ರೈತ ಆತ್ಮಹತ್ಯೆ ಪರಿಹಾರ’ ಎಂದೇ ಒತ್ತುತ್ತಾನೆ, ಏಕೆಂದರೆ ಸರ್ಕಾರದ ಕಾಗದದಲ್ಲೂ ಇರುವುದು ಅದೇ ಪದ. ನಿಮ್ಮ ವಿಡಿಯೊ ‘ಆತ್ಮಹ’ ಮತ್ತು ‘ತ್ಯೆ’ ಎಂಬ ಎರಡು ತುಂಡಾಗಿ ಕೂತಿರುತ್ತದೆ. ನಕ್ಷತ್ರ ತಪ್ಪು ಜಾಗಕ್ಕೆ ಬಿದ್ದರಂತೂ ಮುಗಿಯಿತು. ಕನ್ನಡದಲ್ಲಿ ‘ತ್ಯೆ’ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ತ, ಹಲಂತ ಚಿಹ್ನೆ (್), ಯ, ಎತ್ವ ಎಂಬ ನಾಲ್ಕು ಸಂಕೇತ. ಎತ್ವದ ಹಿಂದೆ ನಕ್ಷತ್ರ ಸೇರಿದರೆ ಸ್ವರಚಿಹ್ನೆ ಅನಾಥವಾಗಿ ಚುಕ್ಕಿಗಳ ವೃತ್ತದ ಮೇಲೆ ಕೂರುತ್ತದೆ.

ದೃಷ್ಟಿ ಇಲ್ಲದವರಿಗೆ ಪರದೆಯ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್, ಎನ್‌ವಿಡಿಎ ತಂತ್ರಾಂಶಗಳು ಇಂಥ ಪದವನ್ನು ತುಂಡರಿಸಿ ಓದುತ್ತವೆ. ಸೆಟ್ಟಿಂಗ್ ನೋಡಿಕೊಂಡು ನಡುವೆ ‘ಸ್ಟಾರ್’ ಎಂದೂ ಹೇಳುತ್ತವೆ. ಮನೆಯಲ್ಲಿ ಇಂಥ ಸಾವು ಕಂಡವರು ಆ ಸುದ್ದಿ ತಮ್ಮ ಕಣ್ಣಿಗೆ ಬೀಳದಿರಲೆಂದು ‘ಆತ್ಮಹತ್ಯೆ’ ಪದವನ್ನು ಎಕ್ಸ್‌ನಲ್ಲಿ ಮ್ಯೂಟ್ ಮಾಡಿಟ್ಟಿರುತ್ತಾರೆ; ನಕ್ಷತ್ರ ಹಾಕಿದ್ದು ಆ ಬೇಲಿಯನ್ನು ಹಾರಿ ಅವರ ಮುಂದೆ ಬಂದು ನಿಲ್ಲುತ್ತದೆ. ಆತ್ಮಹತ್ಯೆಗೆ ಸಂಬಂಧಿಸಿದ ಹುಡುಕಾಟ ಮತ್ತು ವಿಡಿಯೊಗಳ ಜೊತೆ ಸಹಾಯವಾಣಿ ತೋರಿಸುವ ಏರ್ಪಾಡು ಗೂಗಲ್‌ಗೂ ಯೂಟ್ಯೂಬ್‌ಗೂ ಇದೆ. ಅದು ನಡೆಯಬೇಕಾದರೂ ವಿಷಯ ಏನೆಂದು ಗುರುತು ಸಿಗಬೇಕು. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡುವವರಿಗೆ ಇನ್ನೊಂದು ತೊಡಕು: ಪರಿಶೀಲನೆ ತಪ್ಪಿಸಲು ಚಿಹ್ನೆ ಬಳಸಿ ಪದ ಮರೆಮಾಚುವುದು ಮೆಟಾದ ಜಾಹೀರಾತು ನಿಯಮಕ್ಕೆ ವಿರುದ್ಧ. ಪೂರ್ತಿ ಬರೆದಿದ್ದರೆ ಪಾಸಾಗುತ್ತಿದ್ದ ಪೋಸ್ಟ್ ನಕ್ಷತ್ರದ ಕಾರಣಕ್ಕೇ ತಿರಸ್ಕೃತವಾಗಬಹುದು.

ಹಾಗಾದರೆ ಯಾವುದಕ್ಕೆ ಹೆದರಬೇಕು? ತಂಬ್‌ನೇಲ್‌ಗೆ. ಶವ, ರಕ್ತ, ಹಗ್ಗ, ವಿಷದ ಬಾಟಲಿ, ಗೋಳಾಡುವ ತಾಯಿಯ ಮುಖದ ಸುತ್ತ ಕೆಂಪು ವೃತ್ತ, ಮೇಲೆ ಹಳದಿ ಅಕ್ಷರದಲ್ಲಿ ‘ಆತ್ಮಹ*ತ್ಯೆ’. ಈ ಚಿತ್ರದಲ್ಲಿ ನಿಯಮಕ್ಕೆ ವಿರುದ್ಧವಾದದ್ದು ಎಲ್ಲವೂ ಇದೆ, ಪದವೊಂದನ್ನು ಬಿಟ್ಟು. ಆದರೆ ಎಡಿಟರ್ ಮುಚ್ಚಿದ್ದು ಪದವನ್ನು ಮಾತ್ರ. ಯೂಟ್ಯೂಬಿನ ಜಾಹೀರಾತು ನಿಯಮ ಆತ್ಮಹತ್ಯೆ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆಗಳನ್ನು ‘ವಿವಾದಾತ್ಮಕ ವಿಷಯ’ ಎಂದು ಗುಂಪು ಮಾಡಿದೆ, ನಿಜ. ಆದರೆ ಅಲ್ಲಿ ತೂಗುವುದು ಎಷ್ಟು ಬಿಡಿಸಿ ತೋರಿಸಿದ್ದೀರಿ, ಅದೇ ವಿಡಿಯೊದ ಮುಖ್ಯ ವಿಷಯವೇ ಅಥವಾ ಹಾದುಹೋಗುವ ಮಾತೇ, ಮಾಹಿತಿ ಕೊಡುವ ಉದ್ದೇಶವಿದೆಯೇ ಎಂಬುದನ್ನು.

ಸಾವಿನ ಸುದ್ದಿ ಹೇಗೆ ಹೇಳಬೇಕೆಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಗಳನ್ನು ಆಧರಿಸಿ ಮಾರ್ಗಸೂಚಿ ಹೊರಡಿಸಿದೆ: ವಿಧಾನ ಬಣ್ಣಿಸಬೇಡಿ, ಸ್ಥಳದ ವಿವರ ಬೇಡ, ರೋಚಕ ಶೀರ್ಷಿಕೆ ಬೇಡ, ಫೋಟೊ, ವಿಡಿಯೊ ತುಣುಕು ಬೇಡ. ಒಂದೇ ಕಾರಣಕ್ಕೆ ಗಂಟು ಹಾಕುವುದೂ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ‘ಸಾಲಬಾಧೆಗೆ ರೈತ ಆತ್ಮಹ*ತ್ಯೆ, ಹೇಗೆ ಸತ್ತ ನೋಡಿ’ ಎಂಬುದರ ಬದಲು ‘ಕಬ್ಬಿನ ಬಾಕಿ ಬಂದಿಲ್ಲ: ಮೃತ ರೈತನ ಕುಟುಂಬಕ್ಕೆ ಸಿಗಬೇಕಾದ ಪರಿಹಾರ ಏನು?’ ಎಂದು ಬರೆಯಿರಿ. ವಿವರಣೆಯ ಮೊದಲ ಸಾಲಿನಲ್ಲಿ ‘ಈ ವಿಡಿಯೊದಲ್ಲಿ ಆತ್ಮಹತ್ಯೆಯ ಪ್ರಸ್ತಾಪವಿದೆ. ಮಾತನಾಡಬೇಕೆನಿಸಿದರೆ ಟೆಲಿ-ಮನಸ್ 14416’ ಎಂದು ಹಾಕಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆ ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತನಾಡಬಹುದು. ಶೀರ್ಷಿಕೆ ಮೆದುವಾಗಿದ್ದೂ ಹುಡುಕುವವರಿಗೆ ಪೂರ್ತಿ ಪದ ಸಿಕ್ಕಿತು. ‘ತೀರಿಕೊಂಡರು’, ‘ಜೀವ ಕಳೆದುಕೊಂಡರು’ ಎಂದು ಕುಟುಂಬದ ಮೇಲಿನ ಗೌರವದಿಂದ ಬರೆದರೆ ತಪ್ಪೇನಿಲ್ಲ. ಅವು ಇಡಿಯಾದ ಕನ್ನಡ ಪದಗಳು.

ಅತ್ಯಾಚಾರದ ಸುದ್ದಿಯಲ್ಲಿ ಎಡವಟ್ಟು ಇನ್ನೂ ದೊಡ್ಡದು. ‘ಅತ್ಯಾ*ಚಾರ’ ಎಂದು ಬರೆದು, ಕೆಳಗೆ ಊರಿನ ಹೆಸರು, ತಂದೆಯ ಕಸುಬು, ಮನೆಯ ಮುಂದಿನ ಬೀದಿ ಎಲ್ಲವನ್ನೂ ತೋರಿಸುತ್ತಾರೆ. ಪದ ಬರೆದರೆ ಕಾನೂನಿನ ಅಡ್ಡಿಯಿಲ್ಲ. ಸಂತ್ರಸ್ತೆಯ ಗುರುತು ಹತ್ತುವಂತೆ ಮಾಡುವುದು ಅಪರಾಧ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಇದಕ್ಕೆ 2 ವರ್ಷದವರೆಗೆ ಜೈಲು, ದಂಡ. ಮಕ್ಕಳ ಪ್ರಕರಣವಾದರೆ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರು, ವಿಳಾಸ, ಫೋಟೊ ಮಾತ್ರವಲ್ಲ, ಕುಟುಂಬ, ಶಾಲೆ, ನೆರೆಹೊರೆಯ ವಿವರವನ್ನೂ ತಡೆಯುತ್ತದೆ. ಹೆಸರಿನ ನಡುವೆ ಎರಡು ಚುಕ್ಕಿ ಇಟ್ಟರೆ ಊರಿನವರಿಗೆ ಗೊತ್ತಾಗದೆ ಇರುತ್ತದೆಯೇ? ಬೀಪ್ ಬೇಕಾದದ್ದು ಅಲ್ಲಿ. ಬಾಯಿಯ ಚಲನೆ, ಸಬ್‌ಟೈಟಲ್, ಹಿನ್ನೆಲೆಯ ಅಂಗಡಿ ಬೋರ್ಡು ಎಲ್ಲವನ್ನೂ ಮುಚ್ಚಬೇಕಾದದ್ದೂ ಅಲ್ಲೇ.

ಭ್ರೂಣ ಹತ್ಯೆಯ ವಿಷಯ ಮಂಡ್ಯಕ್ಕೆ ದೂರದ್ದಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲದಲ್ಲಿ ಜಿಲ್ಲೆಯ ಆಲೆಮನೆಯೊಂದೇ ಸ್ಕ್ಯಾನಿಂಗ್ ಕೇಂದ್ರವಾಗಿತ್ತು. ಇಲ್ಲಿ ಪದಗಳ ಮೇಲೆ ಕಡಿವಾಣ ಇರುವುದು ನಿಜ, ಆದರೆ ಜಾಹೀರಾತಿಗೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆಯ 22ನೇ ಸೆಕ್ಷನ್ ಲಿಂಗಪತ್ತೆಯ ಜಾಹೀರಾತನ್ನು ನಿಷೇಧಿಸುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಗೂಗಲ್, ಮೈಕ್ರೋಸಾಫ್ಟ್, ಯಾಹೂ ಕಂಪನಿಗಳು ಇಂಥ ಪದಗಳಿಗೆ ಜಾಹೀರಾತು ಬಾರದಂತೆ ತಡೆಯಲು ಒಪ್ಪಿಕೊಂಡವು. ಜಾಗೃತಿಯ ವಿಡಿಯೊಗೆ ಆ ತಡೆ ಅನ್ವಯಿಸುವುದಿಲ್ಲ. ‘ಹೆಣ್ಣು ಭ್ರೂಣ ಹತ್ಯೆ’ ಎಂದು ಧಾರಾಳವಾಗಿ ಬರೆಯಿರಿ. ಎಲ್ಲಿ ಮಾಡುತ್ತಾರೆ, ಎಷ್ಟು ತೆಗೆದುಕೊಳ್ಳುತ್ತಾರೆ ಎಂಬ ದಾರಿ ತೋರಿಸುವಂಥ ವಿವರ ಬಿಡಿ.

ಅಪ್‌ಲೋಡ್ ಮಾಡುವಾಗ ಮೊದಲು ‘ಪ್ರೈವೇಟ್’ ಆಗಿ ಹಾಕಿ. ಹಣ ಬರುವ ಚಾನೆಲ್ಲಾದರೆ ವಿಡಿಯೊದಲ್ಲಿ ಏನಿದೆ ಎಂದು ಕೇಳುವ ಪ್ರಶ್ನಾವಳಿಗೆ ನೇರ ಉತ್ತರ ಕೊಡಿ. ‘ಚೆಕ್ಸ್’ ಹಂತದಲ್ಲಿ ಹಕ್ಕುಸ್ವಾಮ್ಯ, ಜಾಹೀರಾತು ಎರಡರ ಫಲಿತಾಂಶವೂ ಪ್ರಕಟಣೆಗೆ ಮೊದಲೇ ಸಿಗುತ್ತದೆ. ಹಳದಿ ಬಂದರೆ ಮೊದಲು ತಂಬ್‌ನೇಲ್ ಬದಲಿಸಿ, ಆಮೇಲೆ ಆರಂಭದ ದೃಶ್ಯ ನೋಡಿ, ಕೊನೆಗೆ ಶೀರ್ಷಿಕೆ. ಎಲ್ಲ ಸರಿಪಡಿಸಿದ ಮೇಲಷ್ಟೇ ‘ರಿಕ್ವೆಸ್ಟ್ ರಿವ್ಯೂ’ ಒತ್ತಿ. ಅದನ್ನು ಮನುಷ್ಯರು ನೋಡುತ್ತಾರೆ, ಸಾಮಾನ್ಯವಾಗಿ 7 ದಿನದೊಳಗೆ ಉತ್ತರ ಬರುತ್ತದೆ, ಬಂದದ್ದೇ ಅಂತಿಮ. ಅವಸರಪಟ್ಟು ಮೊದಲೇ ಒತ್ತಿದವರು ಆಮೇಲೆ ಏನು ತಿದ್ದಿದರೂ ಹಳದಿ ಹೋಗುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ತಪ್ಪಾಗಿ ತೆಗೆದಿದ್ದರೆ ‘ಅಕೌಂಟ್ ಸ್ಟೇಟಸ್’ನಿಂದಲೇ ಮೇಲ್ಮನವಿ ಹಾಕಿ. ಕನ್ನಡದಂಥ ಭಾಷೆಯಲ್ಲಿ ಯಂತ್ರಕ್ಕೆ ಕಲಿಯಲು ಸಿಗುವ ಪಠ್ಯವೇ ಇಂಗ್ಲಿಷಿಗಿಂತ ತೀರಾ ಕಡಿಮೆ, ತಪ್ಪುಗಳಾಗುತ್ತವೆ. ಮೇಲ್ಮನವಿ ಹಾಕುವ ಅಭ್ಯಾಸ ನಮ್ಮಲ್ಲಿ ಸಾಲದು.

ಎಡಿಟರಿಗೆ ಇಷ್ಟಾದರೂ ಸಮಾಧಾನವಾಗದಿದ್ದರೆ ಲೆಕ್ಕ ಹಾಕಲು ಹೇಳಿ. ಒಂದೇ ಬಗೆಯ ಸುದ್ದಿಗಳಲ್ಲಿ ಹತ್ತಕ್ಕೆ ನಕ್ಷತ್ರ, ಹತ್ತಕ್ಕೆ ಪೂರ್ತಿ ಪದ. ಯಾವುದಕ್ಕೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಿ. ಅವನೇ ಆರಿಸಿದರೆ ಓಡುವ ಸುದ್ದಿಗೆಲ್ಲ ನಕ್ಷತ್ರ ಬೀಳುತ್ತದೆ. ಒಂದೇ ಹೊತ್ತಿನಲ್ಲಿ ಪ್ರಕಟಿಸಿ. 7 ದಿನದ ನಂತರ ಸ್ಟುಡಿಯೊದಲ್ಲಿ ಒಟ್ಟು ವೀಕ್ಷಣೆ ನೋಡಬೇಡಿ. ಯೂಟ್ಯೂಬ್ ಎಷ್ಟು ಸಲ ತಂಬ್‌ನೇಲ್ ತೋರಿಸಿತು ಎಂಬ ‘ಇಂಪ್ರೆಶನ್ಸ್’ ಮತ್ತು ತೋರಿಸಿದಾಗ ಶೇಕಡಾ ಎಷ್ಟು ಜನ ಒತ್ತಿದರು ಎಂಬುದನ್ನು ನೋಡಿ. ಪದಕ್ಕೆ ಶಿಕ್ಷೆ ಇದ್ದರೆ ಅದು ಇಂಪ್ರೆಶನ್ಸ್‌ನಲ್ಲಿ ಮೊದಲು ಕಾಣಬೇಕು. ಹುಡುಕಾಟದಿಂದ ಬಂದವರ ಪಾಲನ್ನೂ ಬರೆದುಕೊಳ್ಳಿ, ನಕ್ಷತ್ರದ ಪೆಟ್ಟು ಬೀಳುವುದು ಅಲ್ಲಿ.

ಹಳೆಯ ವಿಡಿಯೊಗಳ ಶೀರ್ಷಿಕೆ, ವಿವರಣೆ, ತಂಬ್‌ನೇಲ್ ಈಗಲೂ ತಿದ್ದಬಹುದು. ಲಿಂಕ್ ಬದಲಾಗುವುದಿಲ್ಲ, ವೀಕ್ಷಣೆ ಮತ್ತು ಕಾಮೆಂಟು ಹೋಗುವುದಿಲ್ಲ. ಪರಿಹಾರ, ಸಹಾಯವಾಣಿ, ಆಸ್ಪತ್ರೆ, ಕಾನೂನು ಕುರಿತವುಗಳಿಂದ ಶುರುಮಾಡಿ, ಜನ ವರ್ಷಗಟ್ಟಲೆ ಹುಡುಕುವುದು ಅವನ್ನೇ. ರೀಲ್ಸ್‌ನಲ್ಲಿ ಚಿತ್ರದೊಳಗೇ ಬರೆದ ಅಕ್ಷರ ತಿದ್ದಲು ಬರುವುದಿಲ್ಲ. ಅಂಥವಕ್ಕೆ ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ಪೂರ್ತಿ ಪದ ಸೇರಿಸಿದರೆ ಸಾಕು. 2200 ಅಕ್ಷರಗಳ ಮಿತಿಯಲ್ಲಿ ಜಾಗ ಬೇಕಾದಷ್ಟಿದೆ.